ಪುಕ್ಕಟೆ ಫಿನೈಲು

ಹಡಗಲಿಯ ಚರ್ಮದ ಡಾಕ್ಟರ ಬಾಗಿಲಲ್ಲಿ ನನ್ನ ಪಕ್ಕ ಗಂಡ ಹೆಂಡತಿ ಕೂತಿದ್ದರು. ಅವಳ ಎರಡೂ ಅಂಗೈ ಸುಲಿದು ಕೆಂಪಾಗಿದ್ದವು. ನಾನು ಮೊಬೈಲು ನೋಡುವವಳಂತೆ ತಲೆ ತಗ್ಗಿಸಿದ್ದೆ.

“ಫಿನೈಲ್ ಅಂತ ಹೇಳಿ ತಂದಿ. ನೋಡಿಲ್ಲಿ, ಕೈ ಹೆಂಗಾಗ್ಯಾವ.”

“ವಾಸ್ನಿ ಥೇಟ್ ಫಿನೈಲಿನಂಗ ಐತಲ್ಲ ಬೊಮ್ಮಿ.”

“ಕಲ್ಲಿದ್ದಲಿಂದ ಗ್ಯಾಸ್ ತೆಗೆದ ಮ್ಯಾಲೆ ಉಳಿಯೋ ಹೊಲಸು ನೀರದು. ಫ್ಯಾಕ್ಟರ್‍ಯಾಗ ದುಡಿಯೋನು ನೀನು, ನಿನಗ ಗೊತ್ತಿರಲಿಲ್ಲ?”

“ಗೊತ್ತಿತ್ತು. ಪುಕ್ಕಟೆ ಸಿಕ್ತು, ಕೊಟ್ಟಿಗಿ ತೊಳ್ಯಾಕ ಆಗ್ತೈತಿ ಅಂತ ತಂದೆ.”

“ಅಲ್ಲಿ ನೀ ಅದನ್ನ ಬರಿಗೈಲೆ ಮುಟ್ತೀಯೇನು?”

“ಇಲ್ಲ. ರಬ್ಬರ್ ಗ್ಲೌಸ್ ಕೊಟ್ಟಾರ.”

“ಶಾಣ್ಯಾ! ಅವನ್ನ ಯಾಕ ತರಲಿಲ್ಲ?”

ಅವಳು ಅಂಗೈ ಊದಿಕೊಂಡು ಮತ್ತೆ ಕೇಳಿದಳು.

“ಎರಡು ಕ್ಯಾನ್ ತಂದಿದ್ದಿಯಲ್ಲ, ಇನ್ನೊಂದು ಎಲ್ಲೈತಿ?”

“ಅಂಗನವಾಡಿ ಟೀಚರಮ್ಮಗ ಕೊಟ್ಟೆ. ನೆಲ ಒರಸಾಕ.”

“ಯಾವಾಗ?”

“ಈಗ ಬರೋ ಮುಂದ.”

“ಅಯ್ಯೋ ಮಾರಾಯ, ಹುಡುಗ್ರು ಅದೇ ನೆಲದ ಮ್ಯಾಲೆ ಕುಂತು ಉಣ್ತಾವ! ಫೋನ್ ಹಚ್ಚು.”

“ಆಕಿ ನಂಬರ್ ಇಲ್ಲ.”

“ಹಂಗಾರ ಏಳು!”

“ನಿನ್ನ ಪಾಳಿ ಬಂತಲ್ಲ…”

“ನನ್ನ ಕೈಗೆ ಬೆಂಕಿ ಬೀಳಲಿ, ಏಳು!”

“ಬೊಮ್ಮಮ್ಮ” ಎಂದು ಒಳಗಿನಿಂದ ಕರೆದರು. ಅಷ್ಟರಲ್ಲಿ ಅವರಿಬ್ಬರೂ ಗೇಟು ದಾಟಿ, ಹೊರಟಿದ್ದ ಬಸ್ಸಿನ ಹಿಂದೆ ಓಡುತ್ತಿದ್ದರು.