ತಳ ಉಳಿದ ಸಂಪು

ಹೆಸರು ಹಂಪಣ್ಣ ತಂದೆ ಗಾದಿಲಿಂಗಪ್ಪ, ವಯಸ್ಸು 61 ವರ್ಷ, ಊರ ಸಾಲಿಯಲ್ಲಿ ಏಳನೇ ತರಗತಿ ಪಾಸು, ಉದ್ಯೋಗ ಒಕ್ಕಲುತನ ಹಾಗೂ ಮನೆ ಕಟ್ಟುವವರಿಗೆ ಅಂದಾಜು ಹೇಳುವುದು, ಸಾಕಿನ್ ಕುಕನೂರು. ದಿನಾಂಕ 06-02-2025ರ ಸಂಜೆ ನಾನೇ ಕೊಟ್ಟ ಕಳವಿನ ದೂರಿನ ಬಗ್ಗೆ ಇವತ್ತು ಮತ್ತೆ ಠಾಣೆಗೆ ಬಂದು, ಯಾರ ಒತ್ತಾಯವೂ ಇಲ್ಲದೆ ಬರೆಸಿ ತಿಳಿಸುವುದೇನೆಂದರೆ,

ನನ್ನ ತಮ್ಮನ ಮಗಳು ಮಲ್ಲೇಶ್ವರಿ ಅಂಗನವಾಡಿ ಕಾರ್ಯಕರ್ತೆ ಇದ್ದು, ನನ್ನ ಮನೆಯಿಂದ ಅರವತ್ತು ಹೆಜ್ಜೆ ದೂರದಲ್ಲಿ ವಾಸವಾಗಿರುತ್ತಾಳೆ. ಅವಳ ಅಂಗಳದಲ್ಲಿರುವ ಬಳಕೆ ನೀರಿನ ಸಂಪು ಎರಡು ವರ್ಷದಿಂದ ಸೋರುತ್ತಿತ್ತು. ಮೂರು ಸಲ ಸಿಮೆಂಟ್ ಬಳಿಸಿದವನು ನಾನೇ. ಮೂರು ಸಲವೂ ಸಿಮೆಂಟೇ ಸರಿ ಇರಲಿಲ್ಲ. ಕಡೆಗೆ ಅವಳು ಒಳಗೆಲ್ಲ ಗಾಜಿನ ನಾರಿನ ಫೈಬರ್ ಮ್ಯಾಟ್ ಅಂಟಿಸಿ, ಅದಕ್ಕೆ ರೆಸಿನ್ ಎಂಬ ಅಂಟು ಕುಡಿಸಿ ಗಟ್ಟಿ ಮಾಡಿಸಬೇಕೆಂದು ಯಲಬುರ್ಗಾದ ಅಬ್ದುಲರೌಫ ಎಂಬುವನನ್ನು ಕರೆಸಿದಳು. ಅವನಿಗೆ 38 ವರ್ಷ. ಆನೆಗೊಂದಿ ಕಡೆ ಫೈಬರ್ ಹರಗೋಲು ಮಾಡಿ ಕೆಲಸ ಕಲಿತವನು.

ದಿನಾಂಕ 03-02-2025ರಂದು ಮುಂಜಾನೆ 9-30ಕ್ಕೆ ಅವನು ಬಂದನು. ಸಂಪಿನ ತಳದಲ್ಲಿ ಗೇಣುದ್ದ ರಾಡಿ, ಅದರಲ್ಲಿ ಉಬ್ಬಿ ಸತ್ತ ನಾಲ್ಕು ಕಪ್ಪೆ ಇದ್ದವು. ನಾನು ಮೂಗಿಗೆ ಟವೆಲ್ ಕಟ್ಟಿ ಮೇಲೆ ನಿಂತೆನು. ಅವನು ಇಳಿದು ರಾಡಿಯನ್ನು ಬಳಿದು ಮೇಲೆ ಹಾಕಿದನು. ಅವನು ಮೇಲೆ ಬಂದು ಕೈ ತೊಳೆಯುವಾಗ ಅವನ ಹದಿನಾರು ಅಡಿಯ ಟೇಪನ್ನು ನಾನು ತಮಾಷೆಗೆ ನನ್ನ ಬನಿಯನ್ನಿನ ಒಳಜೇಬಿಗೆ ಇಟ್ಟುಕೊಂಡೆನು. ಅವನು ಕಾಲು ತಾಸು ಹುಡುಕಿದನು. ಮೇಲೆ ಹಾಕಿದ ರಾಡಿಯೊಳಗೂ ಕೈಯಾಡಿಸಿದನು. ನಾನೂ ಅವನ ಜೊತೆ ಹುಡುಕಿದೆನು. ಟೇಪು ಸಿಗದಿದ್ದಾಗ ಅವನು ಸಂಪಿನ ಸುತ್ತ ಒಮ್ಮೆ ನಡೆದು, ಎರಡು ಪದರಿಗೆ ಮ್ಯಾಟ್ ಇಪ್ಪತ್ತೇಳು ಕೆಜಿ ಬೇಕು, ಒಂದು ಕೆಜಿ ಮ್ಯಾಟಿಗೆ ಎರಡೂವರೆ ಕೆಜಿಯಂತೆ ರೆಸಿನ್ ಅರವತ್ತೇಳು ಕೆಜಿ ಬೇಕು ಎಂದನು.

ನಾಲ್ಕು ಊರಿನಲ್ಲಿ ನನ್ನ ಅಂದಾಜಿಗೆ ಎದುರು ಹೇಳಿದವರಿಲ್ಲ. ಹಂಪಣ್ಣ ಮೊಳ ಹಾಕಿದ ಮೇಲೆ ಟೇಪು ಹಿಡಿಯುವುದು ಅಪಮಾನ ಎಂದು ಗೌಂಡಿಗಳೇ ಹೇಳುತ್ತಾರೆ. ನಾನು ಇಳಿದು ಮೊಳ ಹಾಕಿದೆನು. ಉದ್ದ ಆರು ಮೊಳ, ಅಗಲ ನಾಲ್ಕು, ಆಳ ನಾಲ್ಕು. ಮೊಳಕ್ಕೆ ಒಂದೂವರೆ ಅಡಿ ಹಿಡಿದು, ಗೋಡೆ ತಳ ಎಲ್ಲ ಕೂಡಿ ಇನ್ನೂರಾ ಮೂವತ್ನಾಲ್ಕು ಚದರ ಅಡಿ ಎಂದು ಕಡ್ಡಿಯಿಂದ ರಾಡಿಯ ಮೇಲೆ ಬರೆದು ತೋರಿಸಿದೆನು. ಇದಕ್ಕೆ ಇಪ್ಪತ್ತು ಕೆಜಿ ಮ್ಯಾಟು, ಐವತ್ತು ಕೆಜಿ ರೆಸಿನ್ ದಂಡಿಯಾಯಿತು ಎಂದೆನು. ಮಲ್ಲೇಶ್ವರಿ, ದೊಡ್ಡಪ್ಪಾ, ಪಕ್ಕದ ಮನೆಯಿಂದ ಬೇರೆ ಟೇಪು ತರಲೇನು ಎಂದು ಕೇಳಿದಳು. ನಾನು ನಕ್ಕೆನು. ಅಬ್ದುಲರೌಫನು, ಕಾಕಾ, ಕಡಿಮೆ ಬಿದ್ದರೆ ನನ್ನ ಮೇಲೆ ಹಾಕಬೇಡಿರಿ ಎಂದು ಮಾತ್ರ ಹೇಳಿದನು.

ದಿನಾಂಕ 04-02-2025ರಂದು ನಾನೇ ಗಂಗಾವತಿಗೆ ಹೋಗಿ ನನ್ನ ಅಂದಾಜಿನಷ್ಟೇ ಮಾಲು ತಂದೆನು. 05ರಂದು ಮುಂಜಾನೆ 7-00ಕ್ಕೆ ಕೆಲಸದ ಪೂಜೆಗೆಂದು ಬಾಷಾಬಿಯ ಹತ್ತಿರ ನಾಲ್ಕು ಮೊಳ ಸೇವಂತಿಗೆ ಕೊಂಡೆನು. ಅವಳು ಠಾಣೆಯ ಗೇಟಿಗೆ ಹತ್ತು ಹೆಜ್ಜೆ ದೂರದಲ್ಲಿ ಹೂವು ಮಾರುವವಳು. ಯಾವಾಗಲೂ ಮಾಡುವಂತೆ ಮಾಲೆಯನ್ನು ಅವಳ ಕೈಯಿಂದ ಕಸಿದು ನನ್ನ ಕೈಯಿಂದಲೇ ಅಳೆದುಕೊಂಡೆನು. ಅವಳು ಯಾವಾಗಲೂ ಬೈಯುವಂತೆ ಬೈದಳು.

ಸದರಿ 05 ಮತ್ತು 06ರಂದು ಕೆಲಸ ನಡೆಯಿತು. ರೆಸಿನ್ ವಾಸನೆ ಮೂಗಿನಲ್ಲಿ ಹೊಕ್ಕು ಊಟ ಸೇರಲಿಲ್ಲ. ಮಜ್ಜಿಗೆಯೂ ಅದೇ ವಾಸನೆ ಹೊಡೆಯಿತು. ಗಾಜಿನ ನಾರು ಮೈಗೆ ತಾಗಿ ನಾನು ಕುತ್ತಿಗೆ ರಕ್ತ ಬರುವಂತೆ ಕೆರೆದುಕೊಂಡೆನು. 06ರ ಸಂಜೆ 4-10ಕ್ಕೆ ಅಬ್ದುಲರೌಫನು ಮೇಲೆ ಬಂದು ಖಾಲಿ ಕ್ಯಾನು ಬೋರಲು ಹಾಕಿದನು. ಒಂದು ಗೋಡೆಯ ಮೂಲೆ ಮತ್ತು ಇಡೀ ತಳ ಉಳಿದಿತ್ತು. ನೋಡಲು ಬಂದಿದ್ದ ಹತ್ತು ಹನ್ನೆರಡು ಮಂದಿ ತಳ ಇಲ್ಲದ ಸಂಪು ಎಂದು ನಕ್ಕರು. ಹಂಪಣ್ಣನ ಅಂದಾಜು ತಪ್ಪಿತಲ್ಲ ಎಂದು ಹಿಂದಿನಿಂದ ಯಾರೋ ಅಂದರು. ಅದನ್ನು ಕೇಳಿ, ಅಂದಾಜು ತಪ್ಪಿಲ್ಲ, ಮಾಲು ಹೋಗಿದೆ, ಇವನೇ ಯಲಬುರ್ಗಾಕ್ಕೆ ಸಾಗಿಸಿದ್ದಾನೆ ಎಂದು ನಾನು ಎಲ್ಲರೆದುರು ಕೂಗಿದೆನು. ಅವನ ಎರಡು ರೋಲರು, ಮೂರು ಬ್ರಷ್ ಕಸಿದಿಟ್ಟುಕೊಂಡು 5-30ಕ್ಕೆ ಠಾಣೆಗೆ ಬಂದು ದೂರು ಕೊಟ್ಟೆನು.

ದಿನಾಂಕ 07-02-2025ರಂದು ಪೊಲೀಸರಿಗೆ ತಿಳಿಸದೆ ನಾನೊಬ್ಬನೇ ಯಲಬುರ್ಗಾಕ್ಕೆ ಹೋಗಿ, 10-45ಕ್ಕೆ ಅಬ್ದುಲರೌಫನ ಮನೆ ಹೊಕ್ಕೆನು. ಅವನು ಮನೆಯಲ್ಲಿರಲಿಲ್ಲ. ಅವನ ತಾಯಿ ಅಮೀನಾಬೀ, ಸುಮಾರು 70 ವರ್ಷ, ದಮ್ಮಿನ ಕಾಯಿಲೆಯಿಂದ ಮಂಚದ ಮೇಲೆ ಮಲಗಿದ್ದಳು. ಮಾಡಿನ ಮೇಲೆ, ಒಲೆಯ ಹಿಂದೆ, ಜೋಳದ ಚೀಲದಲ್ಲಿ ಹುಡುಕಿದೆನು. ಮಂಚದ ಕೆಳಗೆ ಮುಚ್ಚಳ ಹಾಕಿದ ಒಂದು ಡಬ್ಬಿ ಸಿಕ್ಕಿತು. ಒಳಗೆ ಮಂದಗೆ, ಹಳದಿಯಾಗಿ, ಎಳೆ ಎಳೆಯಾಗಿ ಇದ್ದುದನ್ನು ರೆಸಿನ್ ಎಂದು ತಿಳಿದು ನಡುಬೆರಳು ಅದ್ದಿ ಮೂಗಿನ ಹತ್ತಿರ ಹಿಡಿದೆನು. ಅದು ಆ ಮುದುಕಿ ಕೆಮ್ಮಿ ಉಗುಳುವ ಡಬ್ಬಿಯಾಗಿತ್ತು. ಅವಳು ಏಳದೆಯೇ ನನ್ನನ್ನು ನೋಡಿ,

"ಅದನ್ನೂ ತೂಗಿ ಲೆಕ್ಕಕ್ಕ ಹಿಡೀರಿ ಸಾವ್ಕಾರ, ನನ್ನ ಮಗನ ಹೆಸರಿಗೆ ಬರಕೊಳ್ರಿ" ಎಂದಳು.

ನಾನು ಹೊರಗೆ ಬಂದು ಬೀದಿ ನಳದಲ್ಲಿ ಏಳು ಸಲ ಕೈ ತೊಳೆದೆನು. ಅದೇ ನಳದ ಹತ್ತಿರ, ಅಬ್ದುಲರೌಫ ಕಳ್ಳನೆಂದು ಕೇಳಿ ಎರಡು ಮನೆಯವರು ಅವನಿಗೆ ಹೇಳಿದ್ದ ಕೆಲಸ ಬಿಡಿಸಿದರೆಂದು ಹೆಂಗಸರು ಮಾತಾಡುತ್ತಿದ್ದರು. ಕೇಳಿಸದವನಂತೆ ಬಸ್ಸು ಹತ್ತಿದೆನು. ಆ ರಾತ್ರಿ ರೊಟ್ಟಿ ಮುರಿಯಲು ಬೆರಳು ಬಾಯಿಯ ಹತ್ತಿರ ತಂದಾಗ ಹೇಸಿಗೆಯಾಗಿ ತಾಟು ಸರಿಸಿದೆನು.

ಇಂದು ದಿನಾಂಕ 08-02-2025ರಂದು ಮುಂಜಾನೆ 11-00ಕ್ಕೆ ಪಿಎಸ್ಐ ಮೇಡಮ್ಮರು ನನ್ನನ್ನೂ ಅಬ್ದುಲರೌಫನನ್ನೂ ಠಾಣೆಗೆ ಕರೆಸಿದ್ದರು. ಮಲ್ಲೇಶ್ವರಿಯೂ ಬಂದಿದ್ದಳು. ನಾನು ಬಲಗೈ ಚಾಚಿ ಮೊಳದ ಲೆಕ್ಕ ವಿವರಿಸುತ್ತಿದ್ದೆನು. ಬಾಷಾಬಿ ಠಾಣೆಯ ಫೋಟೋಗಳಿಗೆ ಹಾಕುವ ಮಾಲೆ ಹಿಡಿದು ಒಳಗೆ ಬಂದವಳು ಅಲ್ಲಿಯೇ ನಿಂತು ಕೇಳಿ,

"ಮೇಡಮ್ಮರ, ಇವರ ಮೊಳಕ್ಕ ಹೂವು ಕೊಟ್ಟು ಕೊಟ್ಟು ನಾ ಮುಳುಗೇನಿ. ಇದು ಮೊಳ ಅಲ್ರಿ, ಮೊಳದ ಮ್ಯಾಲ ಮುಷ್ಟಿ" ಎಂದಳು.

ಮೇಡಮ್ಮರು ಟೇಪು ತರಲು ಹೇಳಿದರು. ಠಾಣೆಯಲ್ಲಿ ಇರಲಿಲ್ಲ. ಅಬ್ದುಲರೌಫನು ತಲೆ ಎತ್ತದೆ, ತನ್ನ ಟೇಪು ಕಾಕಾನ ಒಳಜೇಬಿನಲ್ಲಿ ಇರಬಹುದು, ಸಂಪಿನಲ್ಲಿ ಬಗ್ಗಿದಾಗ ಕಂಡಿತ್ತು, ಹಿರಿಯರೆಂದು ಕೇಳಲಿಲ್ಲ ಎಂದನು. ಐದು ದಿನದಿಂದ ಕೊಡದೆ ಇಟ್ಟುಕೊಂಡಿದ್ದ ಟೇಪು ಅಲ್ಲಿಯೇ ಇತ್ತು. ನನ್ನ ಮೊಣಕೈಯಿಂದ ನಡುಬೆರಳ ತುದಿಯವರೆಗೆ ಅಳೆದರೆ ಇಪ್ಪತ್ತೊಂದು ಇಂಚು ಬಂದಿತು. ಎಲ್ಲರ ಮೊಳ ಹದಿನೆಂಟು. ನನ್ನ ಕೈ ಉದ್ದ ಎಂದು ಸಣ್ಣವನಿದ್ದಾಗಿನಿಂದ ಹೇಳಿಕೊಂಡು ತಿರುಗಿದವನು ನಾನೇ. ಆದರೆ ಮೊಳಕ್ಕೆ ಮೂರು ಇಂಚು ಹೆಚ್ಚು ಹಿಡಿಯಬೇಕೆಂದು ಒಮ್ಮೆಯೂ ಹೊಳೆಯಲಿಲ್ಲ.

ಮಧ್ಯಾಹ್ನ 12-20ಕ್ಕೆ ಮೇಡಮ್ಮರು ಮಲ್ಲೇಶ್ವರಿಯ ಅಂಗಳಕ್ಕೆ ಬಂದು ಅದೇ ಟೇಪಿನಿಂದ ಸಂಪು ಅಳೆಸಿದರು. ಉದ್ದ ಹತ್ತೂವರೆ ಅಡಿ, ಅಗಲ ಏಳು, ಆಳ ಏಳು. ಒಟ್ಟು ಮುನ್ನೂರಾ ಹದಿನೆಂಟೂವರೆ ಚದರ ಅಡಿ. ಅಬ್ದುಲರೌಫನು ಸುತ್ತ ನಡೆದು ಹೇಳಿದ ಇಪ್ಪತ್ತೇಳು ಮತ್ತು ಅರವತ್ತೇಳು ಕೆಜಿಗೆ ಲೆಕ್ಕ ಸರಿಯಾಗಿ ಬಂದು ಕೂತಿತು. ಮಲ್ಲೇಶ್ವರಿ ನನಗೆ ನೀರು ಕೊಡುವಾಗ ಚೊಂಬು ಕೈಗೆ ಕೊಡದೆ ಕಟ್ಟೆಯ ಮೇಲೆ ಇಟ್ಟಳು.

ನಾನು ದೂರು ವಾಪಸು ಪಡೆಯುತ್ತೇನೆ, ಇಲ್ಲಿಗೆ ಬಿಡೋಣ ಎಂದೆನು. ಅದಕ್ಕೆ ಅಬ್ದುಲರೌಫನು,

"ಸುಮ್ನ ವಾಪಸ್ ತೊಗೊಂಡ್ರ, ಕದ್ದಾಂವನ್ನ ದೊಡ್ಡ ಮನಸು ಮಾಡಿ ಬಿಟ್ರು ಅಂತಾರ. ಕದ್ದಿಲ್ಲ ಅಂತ ಬರದ ಕೊಡ್ರಿ ಕಾಕಾ" ಎಂದನು.

ಆದ್ದರಿಂದ ಬರೆಸುತ್ತಿದ್ದೇನೆ. ಅಬ್ದುಲರೌಫನು ಒಂದು ಎಳೆ ಮ್ಯಾಟನ್ನಾಗಲಿ, ಒಂದು ಹನಿ ರೆಸಿನ್ನನ್ನಾಗಲಿ ಕದ್ದಿಲ್ಲ. ಅವನ ರೋಲರು, ಬ್ರಷ್ ಮರಳಿ ಕೊಟ್ಟಿದ್ದೇನೆ. ಉಳಿದ ಏಳು ಕೆಜಿ ಮ್ಯಾಟು, ಹದಿನೇಳು ಕೆಜಿ ರೆಸಿನ್ ನಾನೇ ತಂದುಕೊಡುತ್ತೇನೆ. ನಾಳೆ ಮುಂಜಾನೆ ಮೊದಲ ಬಸ್ಸಿಗೆ ಯಲಬುರ್ಗಾಕ್ಕೆ ಹೋಗಿ ಆ ಎರಡು ಮನೆಯ ಬಾಗಿಲಲ್ಲಿ, ಆಮೇಲೆ ಅಮೀನಾಬೀಯ ಮಂಚದ ಮುಂದೆ ನಿಂತು ಇದೇ ಮಾತು ಹೇಳುತ್ತೇನೆ. ಈ ಪ್ರಕರಣದಲ್ಲಿ ಕಳುವಾದ ವಸ್ತು ಒಂದೇ, ಹದಿನಾರು ಅಡಿಯ ಟೇಪು. ಅದು ಸಿಕ್ಕಿದ್ದು ದೂರುದಾರನ ಜೇಬಿನಲ್ಲಿ.

ಬರೆದುಕೊಂಡ ರೈಟರ್ ಸಾಹೇಬರು ಇದನ್ನು ನನಗೆ ಎರಡು ಸಲ ಓದಿ ಹೇಳಿದ್ದಾರೆ. ಮಾತುಗಳು ನನ್ನವು, ಸತ್ಯ ಇರುತ್ತವೆ. ಸಂಪಿನ ಅಳತೆ ಟೇಪಿನದೇ ಹಿಡಿಯಬೇಕು, ನನ್ನ ಕೈಯದು ಹಿಡಿಯಬಾರದು.

ಸ್ಥಳ: ಕುಕನೂರು
ದಿನಾಂಕ: 08-02-2025, ಮಧ್ಯಾಹ್ನ 3-15

(ಸಹಿ) ಹಂಪಣ್ಣ, ಸ್ವಂತ ಬಲಗೈಯ ರುಜು