ಮುಚ್ಚಿದ ಗುಳಿ

ಬೆಳಿಗ್ಗೆ ಹತ್ತು ಗಂಟೆಗೆ ಬೆಟ್ಟದ ಮೇಲೆ ಮೊದಲ ಫಿರಂಗಿ ಗುಂಡು ಬಿತ್ತು. ಆ ಹೊತ್ತಿಗೆ ಬೆಟ್ಟದ ಜನವೆಲ್ಲ ಕೆಳಗಿನ ಬಯಲಿಗೆ ಇಳಿದಿದ್ದರು. ಅವರ ನಡುವೆ ಕೇತಮ್ಮ, ಗೆಣಸು ಅಗೆಯುವ ಕೋಲು ಹಿಡಿದು ನಿಂತಿದ್ದಳು.

ಯಾಕೆ ಇಳಿದರು? ಕೇಳಿ. ಬೆಟ್ಟದ ಬುಡದ ಊರಲ್ಲಿ ಒಬ್ಬ ಸಾಹುಕಾರ ಇದ್ದ. ಕೆಟ್ಟವನಲ್ಲ. ಸೋಮವಾರ ಒಪ್ಪೊತ್ತು, ಪ್ರವಚನಕ್ಕೆ ಬಂದರೆ ಮುಂದಿನ ಸಾಲು. ನಮ್ಮ ನಿಮ್ಮ ಹಾಗೆಯೇ. ಕೇತಮ್ಮ ಗೆಣಸು, ಜೇನು ತಂದು ಅವನ ಜಗಲಿಯಲ್ಲಿ ಇಳಿಸುತ್ತಿದ್ದಳು, ಉಪ್ಪು ಬಟ್ಟೆ ಒಯ್ಯುತ್ತಿದ್ದಳು. ಅವನ ಮಕ್ಕಳು ಬೆಳೆದದ್ದೇ ಆ ಗೆಣಸು ತಿಂದು.

ಬೆಟ್ಟದವರಲ್ಲಿ ಒಂದು ಪದ್ಧತಿ. ಗೆಣಸು ಅಗೆದ ಮೇಲೆ ಬಳ್ಳಿಯ ತಲೆಯನ್ನು ಅದೇ ಗುಳಿಯಲ್ಲಿ ನೆಟ್ಟು, ಮಣ್ಣು ಮುಚ್ಚಿ, ಮೇಲೆ ತರಗೆಲೆ ಹರಡಬೇಕು. ಹಿಂದೆ ಬರುವವರಿಗೆ ಅದು ಮತ್ತೆ ಬೆಳೆಯಬೇಕು. ಎಷ್ಟು ಚೊಕ್ಕಟವಾಗಿ ಮುಚ್ಚುತ್ತಿದ್ದರೆಂದರೆ, ಅಲ್ಲಿ ಮನುಷ್ಯರ ಕೈ ಆಡಿದೆ ಎಂದು ಗೊತ್ತೇ ಆಗುತ್ತಿರಲಿಲ್ಲ.

ಒಮ್ಮೆ ಬೆಟ್ಟ ಹತ್ತಿ ಬಂದಿದ್ದ ಸಾಹುಕಾರ ನಕ್ಕ. "ಏನಮ್ಮಿ ಕೇತಿ, ನಿಮ್ ಬೆಟ್ಟದ ಗೆಣಸು ತಾನೇ ನಡ್ಕಂಡು ಪಾತ್ರೆಗೆ ಬತ್ತದಾ? ಒಂದ್ ಗುಳಿನೂ ಕಾಣ್ನಿಲ್ವಲ್ಲ!"

"ಗುಳಿ ಬುಟ್ಟು ಹೋಗಕೆ ನಾವೇನ್ ಹಂದಿಯಾ ಬುದ್ಧಿ?" ಅಂದಳು ಕೇತಮ್ಮ.

ನೋಡಿ, ಈ ಮಾತನ್ನು ನೆನಪಿಡಿ.

ಅದು ದೊಡ್ಡ ಯುದ್ಧದ ಕಾಲ. ದಂಡಿಗೆ ಫಿರಂಗಿ ಅಭ್ಯಾಸ ಮಾಡಲು ಜಾಗ ಬೇಕಿತ್ತು. ಒಬ್ಬ ಅಧಿಕಾರಿ ಬಂದ, ಜೊತೆಗೆ ಗುಮಾಸ್ತ. ಬೆಟ್ಟವೆಲ್ಲ ಸುತ್ತಿದರು. ಉಳುಮೆಯ ಸಾಲಿಲ್ಲ, ಬದುವಿಲ್ಲ, ಗುಳಿಯೂ ಇಲ್ಲ. ದಾರಿ ತೋರಿಸಲು ಬಂದಿದ್ದ ಸಾಹುಕಾರನನ್ನು ಗುಮಾಸ್ತ ಕೇಳಿದ: "ಇಲ್ಲಿ ಯಾರಾದರೂ ಸಾಗುವಳಿ ಮಾಡ್ತಾರೇನ್ರೀ?"

ದಂಡು ಬಂದರೆ ಅಕ್ಕಿ ಬೇಳೆ ಒದಗಿಸುವವರು ಬೇಕು. ಸಾಹುಕಾರನಿಗೆ ಅದು ಗೊತ್ತಿತ್ತು. "ನಾನಂತೂ ಇಲ್ಲಿ ನೇಗಿಲು ಕಂಡಿಲ್ಲ ಸ್ವಾಮಿ" ಅಂದ.

ಸುಳ್ಳೇ? ಅಲ್ಲ. ನೇಗಿಲು ಅಲ್ಲಿ ಇರಲೇ ಇಲ್ಲ.

ಕೇತಮ್ಮ ಪಕ್ಕದಲ್ಲೇ ಇದ್ದಳು. "ಬುದ್ಧಿ, ನಿಮ್ ಹೊಟ್ಟೆಗೆ ಹೋಗಿದ್ದು ಯಾವ ಬೆಟ್ಟದ್ದು ಅಂತ ಯೋಳಿ!" ಅಂದಳು. ಅಲ್ಲೇ ಕುಕ್ಕರಿಸಿ ಮಣ್ಣು ಕೆದಕಿ, ಹಿಂದಿನ ಮಳೆಗಾಲದಲ್ಲಿ ನೆಟ್ಟಿದ್ದ ಗೆಣಸು ತೆಗೆದು ತೋರಿಸಿದಳು. ಅಧಿಕಾರಿ ತನ್ನ ಭಾಷೆಯಲ್ಲಿ ಏನೋ ಅಂದ. ಕಾಡೆಂದ ಮೇಲೆ ಗೆಡ್ಡೆ ಇರುವುದೇ ಅಂತೆ, ಎಂದು ಗುಮಾಸ್ತ ಹೇಳಿದ. ಬೆಟ್ಟವನ್ನು ಪಾಳು ಎಂದು ಬರೆದುಕೊಂಡ.

"ಸುಮ್ಕಿರಮ್ಮಿ" ಅಂದ ಸಾಹುಕಾರ. "ಯುದ್ಧ ಮುಗುದ್ ಮೇಲೆ ಕೊಡ್ತಾರೆ. ನಿನ್ ಬೆಟ್ಟನ ಅವರೇನು ತಲೆ ಮೇಲೆ ಹೊತ್ಕಂಡು ಹೋಯ್ತಾರಾ?"

ಕೇತಮ್ಮ ಗೆಣಸಿನ ತಲೆಯನ್ನು ಮತ್ತೆ ನೆಟ್ಟು, ಗುಳಿ ಮುಚ್ಚಿ, ತರಗೆಲೆ ಹರಡಿದಳು.

ಇದು ಒಂದೇ ಬೆಟ್ಟದ ಮಾತಲ್ಲ. ಲೋಕದಲ್ಲಿ ದಂಡಿಗೆ ಖಾಲಿ ನೆಲ ಬೇಕಾದಾಗಲೆಲ್ಲ, ಖಾಲಿ ಎಂದು ಬರೆಸಿಕೊಂಡದ್ದು ಹೆಚ್ಚಾಗಿ ಇಂಥವರ ನೆಲವೇ. ಬರೆದವನೊಬ್ಬ. ಹೌದೆಂದು ತಲೆಯಾಡಿಸಿದವರು ಎಷ್ಟು ಜನ?

ನೀವೆಲ್ಲ ಸಾಹುಕಾರನನ್ನು ಬೈದುಕೊಳ್ಳುತ್ತಿದ್ದೀರಿ. ಬೈಯಬೇಡಿ. ನಿಮ್ಮ ಸೈಟಿನಲ್ಲಿ ಮೊದಲು ಯಾರ ಗುಡಿಸಲಿತ್ತು? "ನಾವು ಕೊಂಡಾಗ ಯಾರೂ ಇರಲಿಲ್ಲ" ಅನ್ನುತ್ತೀರಿ. ಸುಳ್ಳಲ್ಲ. ನೇಗಿಲು ಕಂಡಿಲ್ಲ ಅಂದ ಹಾಗೆ, ಅದೂ ಸುಳ್ಳಲ್ಲ. ಇವತ್ತು ಮನೆಗೆ ಹೋಗಿ ಜೇನಿನ ಸೀಸೆ ಕೈಗೆತ್ತಿಕೊಳ್ಳಿ. ಯಾರ ಬೆಟ್ಟದ್ದು? ಗೊತ್ತಿಲ್ಲದಿದ್ದರೆ ಕೊಟ್ಟವರನ್ನು ಕೇಳಿ ತಿಳಿದುಕೊಳ್ಳಿ. ನಾಳೆ ಯಾರಾದರೂ ಬಂದು, ಇದು ಯಾರ ನೆಲ ಎಂದು ಕೇಳಿದರೆ, ಕಣ್ಣು ಕಂಡದ್ದನ್ನಷ್ಟೇ ಹೇಳಿ ನುಣುಚಿಕೊಳ್ಳಬೇಡಿ. ಬಾಯಿ ಉಂಡದ್ದನ್ನೂ ಹೇಳಿ. ಸಾಹುಕಾರ ಹಾಗೆ ಹೇಳಿದ್ದರೆ ಆ ಬೆಟ್ಟ ಉಳಿಯುತ್ತಿತ್ತೇ? ನನಗೆ ಆ ನಂಬಿಕೆ ಇಲ್ಲ. ಆದರೂ ಹೇಳಬೇಕಿತ್ತು.

ಕೇತಮ್ಮ ಏನಾದಳು ಎಂದು ಅಲ್ಲಿ ಕೂತ ತಾಯಿಯವರು ಕೇಳುತ್ತಿದ್ದಾರೆ. ಹೇಳುತ್ತೇನೆ. ಯುದ್ಧ ಮುಗಿಯಿತು. ಬೆಟ್ಟ ವಾಪಸ್ಸು ಬರಲಿಲ್ಲ. ಬೆಟ್ಟದ ತುಂಬ ಬಾಯಿ ತೆರೆದ ಗುಳಿಗಳು. ಕೇತಮ್ಮ ತಂತಿ ಬೇಲಿ ನುಸುಳಿ ಹೋಗಿ, ತಾನು ನೆಟ್ಟ ಜಾಗದಲ್ಲೇ ಕೋಲು ಊರಿದಳು. ಸಿಡಿಯದೆ ಉಳಿದಿದ್ದ ಗುಂಡೊಂದು ಮಣ್ಣಿನೊಳಗಿತ್ತು. ಕೋಲು ಅದಕ್ಕೆ ತಾಗಿತು.

ಆ ವರ್ಷವೇ ತಂತಿ ಬೇಲಿ ತೆಗೆದು ಗಟ್ಟಿ ಬೇಲಿ ಹಾಕಿದರು. ಕಲ್ಲುಕಂಬ ಒದಗಿಸಿದ್ದು ಸಾಹುಕಾರ.