ಸೂಜಿಯ ಒಳಮುಚ್ಚಳ

ಡುಲೂತ್‌ನ ಹೊರರೋಗಿ ಕ್ಲಿನಿಕ್ಕಿನಲ್ಲಿ, ಚಿಕಿತ್ಸೆಗೆ ಬಂದಿದ್ದ ವರ್ನಾ ಲಿಫ್ಟಿಗೆ ಕಾಯುತ್ತಿದ್ದಳು. ಪಕ್ಕದಲ್ಲಿ ಮಧುಮೇಹಿಗಳ ಇನ್ಸುಲಿನ್ ಪ್ರಮಾಣ ನೋಡಿಕೊಳ್ಳುವ ತರಬೇತಿಯಲ್ಲಿದ್ದ ಫಾರ್ಮಸಿಸ್ಟ್ ವೆಂಡೆಲ್, ತನಗೆ ಕಲಿಸುವ ಮಾರ್ಲಿಸ್‌ಗೆ ತಗ್ಗಿದ ದನಿಯಲ್ಲಿ ಹೇಳುತ್ತಿದ್ದುದು ಅವಳಿಗೂ ಕೇಳಿಸುತ್ತಿತ್ತು.

“ಆ ಅಜ್ಜ ಮೂರು ತಿಂಗಳಿಂದ ಸೂಜಿಯ ಹೊರಮುಚ್ಚಳ ಮಾತ್ರ ತೆಗೆದು, ಒಳಮುಚ್ಚಳ ತೆಗೀದೇನೇ ಇನ್ಸುಲಿನ್ ಚುಚ್ಕೋತಿದ್ರು. ಒಂದು ಹನಿನೂ ಒಳಗೆ ಹೋಗಿಲ್ಲ.”

“ನೀನೇನ್ ಮಾಡ್ತಿದ್ದೆ?”

“ಸಕ್ಕರೆ ಇಳೀಲಿಲ್ಲ ಅಂತ ಪ್ರತಿ ಸಲ ಡೋಸ್ ಏರಿಸ್ದೆ. ಕದ್ದು ಸಿಹಿ ತಿಂತೀರಾ ಅಂತ ಬೈದೆ.”

“ನನ್ನೆದುರು ಚುಚ್ಕೊಂಡು ತೋರಿಸಿ ಅಂತ ಒಂದ್ಸಲನಾದ್ರೂ ಕೇಳಿದ್ಯಾ?”

“ಅರ್ಥ ಆಯ್ತಾ ಅಂತಿದ್ದೆ. ತಲೆ ಆಡಿಸ್ತಿದ್ರು.”

“ಇವತ್ತು ಗೊತ್ತಾದ್ಮೇಲೆ ಏನಂದ್ರು?”

“ನಿನ್ನ ಟೈಮೆಲ್ಲ ಹಾಳ್ಮಾಡ್ದೆ, ಕ್ಷಮಿಸಪ್ಪ ಅಂದ್ರು.”

“ನೀನು?”

“ಪರವಾಗಿಲ್ಲ ಅಂದೆ.”

“ಅಂತೂ ದೊಡ್ಡ ಮನಸ್ಸು ಮಾಡಿ ಅವರನ್ನ ಕ್ಷಮಿಸಿಬಿಟ್ಟೆ ಅನ್ನು.”

ಲಿಫ್ಟ್ ಬಂತು. ಇಬ್ಬರೂ ಒಳಗೆ ಹೋದರು. ವೆಂಡೆಲ್ ಬಾಗಿಲನ್ನು ಕೈಯಿಂದ ತಡೆದು ವರ್ನಾಗಾಗಿ ಕಾದ. ಅವಳು ಅವನ ಮುಖ ನೋಡದೆ, ಮುಂದಿನದಕ್ಕೆ ಬರುತ್ತೇನೆಂದಳು.